ಬಿಚ್ಚುವ ಮೊದಲು ಅಳೆಯಿರಿ

ಕೀಲಿ ತಿರುಗಿಸಿ ಹೊರಗೆ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ. ಇಂಥ ಕಾರನ್ನು ನೀವು ನೋಡಿದ್ದೀರಾ? ನಲವತ್ತು ವರ್ಷ ಹಳೆಯ ಮರ್ಸಿಡಿಸ್ ಡೀಸೆಲ್ ಕಾರುಗಳಿಗೆ ಇದು ಮಾಮೂಲಿ ಕಾಯಿಲೆ. ಅದಕ್ಕಿಂತ ವಿಚಿತ್ರವೆಂದರೆ, ಬಹಳ ಸಲ ಇದರ ಕಾರಣ ಎಂಜಿನ್‌ನಲ್ಲಿ ಇರುವುದೇ ಇಲ್ಲ. ಬಾಗಿಲಿನ ಒಳಗೆ, ಬೀಗದ ಪಕ್ಕದಲ್ಲಿ ಹರಿದುಹೋದ ಒಂದು ರಬ್ಬರ್ ಪೊರೆಯಲ್ಲಿ ಇರುತ್ತದೆ!

ಬಾಗಿಲಿಗೂ ಎಂಜಿನ್‌ಗೂ ಏನು ಸಂಬಂಧ ಎಂಬುದನ್ನು ಮುಂದೆ ಹೇಳುತ್ತೇನೆ. ನಮ್ಮ ಪಠ್ಯಪುಸ್ತಕದಲ್ಲಿ ಎಂಜಿನ್ ಒಂದು ಅಧ್ಯಾಯ, ಬ್ರೇಕ್ ಇನ್ನೊಂದು ಅಧ್ಯಾಯ. ಪರೀಕ್ಷೆಯಲ್ಲೂ ಬೇರೆ ಬೇರೆ ಪ್ರಶ್ನೆಗಳಾಗಿಯೇ ಬರುತ್ತವೆ. ಕಾರಿನಲ್ಲಿ ಮಾತ್ರ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಇದು ನನಗೆ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ, ಗ್ಯಾರೇಜಿನಲ್ಲಿ.

ನಾನು ಬಿ.ಇ. ಮೆಕ್ಯಾನಿಕಲ್ ವಿದ್ಯಾರ್ಥಿ. ಯಾವ ಮದುವೆ ಮನೆಗೆ ಹೋದರೂ ಒಬ್ಬರಾದರೂ ‘ಯಾಕಪ್ಪಾ ಮೆಕ್ಯಾನಿಕಲ್ ತಗೊಂಡೆ, ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?’ ಎಂದು ಕೇಳಿಯೇ ಕೇಳುತ್ತಾರೆ. ಕೋರ್ ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಕಡಿಮೆ ಎಂದು ಸೀನಿಯರ್‌ಗಳೂ ಹೆದರಿಸುತ್ತಾರೆ. ನಾಲ್ಕನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಹಾಸನದ ಒಂದು ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದೆ. ಅಲ್ಲಿಗೆ ಬಂದ ಒಂದು ಹಳೆಯ ಬೆಂಜ್ ಕಾರು, ನಾನು ಓದುತ್ತಿರುವುದು ಏನಕ್ಕೆ ಉಪಯೋಗ ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನಾದರೂ ಕೊಟ್ಟಿತು.

ಟೆಂಪೊ ಗ್ಯಾರೇಜಿಗೆ ಬಂದ ಬೆಂಜ್

ಕಾರು ಸಕಲೇಶಪುರದ ಕಡೆಯ ಕಾಫಿ ತೋಟದ ಯಜಮಾನರೊಬ್ಬರದು. ಅವರ ತಂದೆ ಓಡಿಸುತ್ತಿದ್ದ 1982ರ ಮರ್ಸಿಡಿಸ್ 240 ಡಿ. ಕಂಪನಿಯ ಲೆಕ್ಕದಲ್ಲಿ ಇದು ಡಬ್ಲ್ಯು 123 ಸರಣಿ. 1976ರಲ್ಲಿ ಶುರುವಾದ ಈ ಸರಣಿಯ ಸುಮಾರು 27 ಲಕ್ಷ ಕಾರುಗಳು ತಯಾರಾದವು. ಜರ್ಮನಿಯಲ್ಲಿ ಇದು ಟ್ಯಾಕ್ಸಿಯಾಗಿ ದುಡಿದ ಕಾರು. ಬೆಂಜ್ ಎಂದ ಕೂಡಲೇ ಭಾರೀ ವೇಗ ಎಂದುಕೊಳ್ಳಬೇಡಿ. 2.4 ಲೀಟರ್‌ನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, ಶಕ್ತಿ 70 ಅಶ್ವಶಕ್ತಿಯ ಆಸುಪಾಸು. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಇರುವುದೆಲ್ಲ ಕಬ್ಬಿಣ, ರಬ್ಬರ್ ಮತ್ತು ಒಂದಿಷ್ಟು ವೈರು.

ಯಜಮಾನರ ದೂರು ಮೂರು. ಬೆಳಿಗ್ಗೆ ಚಳಿಗೆ ಸ್ಟಾರ್ಟ್ ಆಗುವುದಿಲ್ಲ, ಆದರೂ ಬಿಳಿ ಹೊಗೆ ಉಗುಳುತ್ತಾ ನಡುಗುತ್ತದೆ. ಏರು ದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮೂರನೆಯದು ಆಗಲೇ ಹೇಳಿದ್ದು: ಕೀಲಿ ತೆಗೆದರೂ ನಿಲ್ಲುವುದಿಲ್ಲ. ಗೇರ್‌ಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು, ಉಸಿರು ಕಟ್ಟಿಸಿ ನಿಲ್ಲಿಸುತ್ತಿದ್ದರು. ಹಿಂದೆ ತೋರಿಸಿದ್ದ ಕಡೆ ‘ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು’ ಎಂದು ಹೇಳಿ ದೊಡ್ಡ ಮೊತ್ತದ ಚೀಟಿ ಬರೆದುಕೊಟ್ಟಿದ್ದರಂತೆ. ಅಷ್ಟು ದುಡ್ಡು ಹಾಕುವ ಬದಲು ಗುಜರಿಗೆ ಕೊಡುವುದೇ ವಾಸಿ ಎಂದು ಮನೆಯಲ್ಲಿ ಮಾತಾಗಿತ್ತು.

ಬೆಂಜ್ ಕಾರು ಟೆಂಪೊ ಟ್ರ್ಯಾಕ್ಸ್ ರಿಪೇರಿ ಮಾಡುವ ಗ್ಯಾರೇಜಿಗೆ ಯಾಕೆ ಬಂತು? ಅದರ ಹಿಂದೆ ಒಂದು ಕಥೆ ಇದೆ. ಈ ಕಾರಿನ ಎಂಜಿನ್‌ನ ಹೆಸರು ಓಎಂ 616. ಇದೇ ಎಂಜಿನ್ನನ್ನು ಬಜಾಜ್ ಟೆಂಪೊ ಕಂಪನಿ, ಅಂದರೆ ಈಗಿನ ಫೋರ್ಸ್ ಮೋಟರ್ಸ್, 1980ರ ದಶಕದಲ್ಲಿ ಡೈಮ್ಲರ್-ಬೆಂಜ್‌ನಿಂದ ಲೈಸೆನ್ಸ್ ಪಡೆದು ಭಾರತದಲ್ಲೇ ತಯಾರಿಸಲು ಶುರು ಮಾಡಿತು. ನಮ್ಮ ಊರುಗಳಲ್ಲಿ ಜನ ತುಂಬಿಕೊಂಡು ಓಡಿದ ಟ್ರ್ಯಾಕ್ಸ್, ಟ್ರಾವೆಲರ್‌ಗಳ ಹೊಟ್ಟೆಯಲ್ಲಿದ್ದದ್ದು ಆ ಜರ್ಮನ್ ಎಂಜಿನ್ನಿನ ವಂಶವೇ. ನಮ್ಮ ಮೇಸ್ತ್ರಿ ಮೂವತ್ತು ವರ್ಷ ಅದನ್ನೇ ಬಿಚ್ಚಿ ಜೋಡಿಸಿದವರು. ಬಾನೆಟ್ ಎತ್ತಿದವರೇ ‘ಮುಖ ಬೇರೆ, ಹೊಟ್ಟೆ ನಮ್ದೇ’ ಎಂದು ನಕ್ಕರು.

ಡೀಸೆಲ್ ಪಂಪ್ ಬಾಷ್ ಕಂಪನಿಯದು. ಮೇಸ್ತ್ರಿಯ ಬಾಯಲ್ಲಿ ಮಾತ್ರ ಅದು ಇವತ್ತಿಗೂ ‘ಮೈಕೊ ಪಂಪ್’. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ, ಡೀಸೆಲ್ ಪಂಪು-ನಾಝಲ್‌ಗಳಿಗೆ ಹೆಸರಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಗ್ಯಾರೇಜುಗಳ ಮಾತಿನಲ್ಲಿ ಹಳೆಯ ಹೆಸರು ಹಾಗೇ ಉಳಿದುಕೊಂಡಿದೆ.

ಮೊದಲು ಪ್ರಶ್ನೆ, ಆಮೇಲೆ ಸ್ಪ್ಯಾನರ್

ಮೇಸ್ತ್ರಿ ಅರ್ಧ ಗಂಟೆ ಸ್ಪ್ಯಾನರ್ ಮುಟ್ಟಲೇ ಇಲ್ಲ. ಡಾಕ್ಟರ ಹಾಗೆ ಕೇಳುತ್ತಾ ಹೋದರು. ‘ಸ್ಟಾರ್ಟಿಂಗ್ ತೊಂದ್ರೆ ಬೆಳಿಗ್ಗೆ ಮಾತ್ರವಾ, ಬಿಸಿ ಇದ್ದಾಗಲೂ ಉಂಟಾ? ಇದ್ದಕ್ಕಿದ್ದಂಗೆ ಶುರುವಾಯ್ತಾ, ನಿಧಾನಕ್ಕೆ ಜಾಸ್ತಿ ಆಯ್ತಾ? ಗಾಡಿ ಎಷ್ಟು ದಿನ ನಿಂತಿತ್ತು? ಕೊನೇ ಸಲ ಟ್ಯಾಪೆಟ್ ಸೆಟ್ಟಿಂಗ್ ಮಾಡ್ಸಿದ್ದು ಯಾವಾಗ?’ ಕೊನೆಯ ಪ್ರಶ್ನೆಗೆ ಯಜಮಾನರ ಬಳಿ ಉತ್ತರವೇ ಇರಲಿಲ್ಲ. ಮೇಸ್ತ್ರಿ ತಲೆಯಾಡಿಸಿದರು.

ಆ ಪ್ರಶ್ನೆಗಳ ಬೆಲೆ ಗೊತ್ತಾಗಬೇಕಾದರೆ ಡೀಸೆಲ್ ಎಂಜಿನ್ ಹೇಗೆ ಉರಿಯುತ್ತದೆ ಎಂಬುದು ನೆನಪಿರಬೇಕು. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು. ಡೀಸೆಲ್‌ಗೆ ಬೇಡ. ಈ ಎಂಜಿನ್‌ನಲ್ಲಿ ಗಾಳಿಯನ್ನು ಸುಮಾರು 21ರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಒತ್ತಿದ ಗಾಳಿ ಕೆಂಡದಷ್ಟು ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದಾಗ ಲೋಹವೇ ಈ ಶಾಖವನ್ನು ಹೀರಿಕೊಳ್ಳುವುದರಿಂದ, ಹೀಟರ್ ಪ್ಲಗ್‌ಗಳು ಒಳಗೆ ಬಿಸಿ ಮಾಡಿಕೊಡುತ್ತವೆ. ಹಾಗಾಗಿ ಬೆಳಗಿನ ತೊಂದರೆಗೆ ಮೊದಲ ಅನುಮಾನ ಎರಡರ ಮೇಲೆ: ಹೀಟರ್ ಪ್ಲಗ್ ಮತ್ತು ಕಂಪ್ರೆಷನ್.

ಹೊಗೆಯ ಬಣ್ಣವೂ ಸಾಕ್ಷಿಯೇ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಚಳಿಯಲ್ಲಿ ಬಂದು ಎಂಜಿನ್ ಬಿಸಿಯಾದ ಮೇಲೆ ಹೋಗುವ ಬಿಳಿ ಹೊಗೆ ಎಂದರೆ, ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಪೂರ್ತಿ ಉರಿಯದೆ ಹೊರಗೆ ಬರುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಸಿಲಿಂಡರ್‌ಗೆ ಇಳಿಯುತ್ತಿದೆಯೇ ಎಂದು ನೋಡಬೇಕು. ಈ ಕಾರಿನ ಹೊಗೆ ಐದು ನಿಮಿಷದಲ್ಲಿ ತಿಳಿಯಾಗುತ್ತಿತ್ತು. ಅಲ್ಲಿಗೆ ಒಂದು ದೊಡ್ಡ ಭಯ ದೂರವಾಯಿತು.

ಹೀಟರ್ ಪ್ಲಗ್ ನೋಡಲು ಬೇಕಾದದ್ದು ಒಂದು ಮಲ್ಟಿಮೀಟರ್ ಮಾತ್ರ. ವೈರು ಬಿಚ್ಚಿ ಪ್ಲಗ್‌ಗೂ ಎಂಜಿನ್ ಬಾಡಿಗೂ ನಡುವಿನ ರೋಧ ಅಳೆದರೆ, ಸರಿ ಇರುವ ಪ್ಲಗ್ ಒಂದು ಓಮ್‌ಗಿಂತಲೂ ಕಡಿಮೆ ತೋರಿಸುತ್ತದೆ. ಸುಟ್ಟುಹೋಗಿದ್ದರೆ ಮೀಟರ್ ಏನೂ ಓದುವುದಿಲ್ಲ. ನಾಲ್ಕರಲ್ಲಿ ಒಂದು ಸತ್ತಿತ್ತು. ಇದಕ್ಕಿಂತ ಹಳೆಯ ಮಾದರಿಗಳಲ್ಲಿ ಪ್ಲಗ್‌ಗಳು ಹಬ್ಬದ ಸೀರಿಯಲ್ ಲೈಟಿನಂತೆ ಒಂದರ ಹಿಂದೆ ಒಂದು ಜೋಡಣೆಯಾಗಿದ್ದವು. ಅಲ್ಲಿ ಒಂದು ಹೋದರೆ ನಾಲ್ಕೂ ಹೋದಂತೆ. ಸೀರೀಸ್, ಪ್ಯಾರಲಲ್ ಎಂದು ಪಿಯುಸಿಯಲ್ಲಿ ಬಿಡಿಸಿದ ಲೆಕ್ಕ ಇಲ್ಲಿ ಕಣ್ಣೆದುರೇ ಇತ್ತು.

ಕೂದಲೆಳೆಯಷ್ಟು ಸಂದು

ಇನ್ನು ಕಂಪ್ರೆಷನ್. ಎಂಜಿನ್ ಬಿಸಿ ಮಾಡಿ, ಪ್ಲಗ್‌ಗಳನ್ನು ತೆಗೆದು, ಆ ತೂತಿಗೆ ಗೇಜ್ ಕೂರಿಸಿ, ಡೀಸೆಲ್ ಹೋಗದಂತೆ ಮಾಡಿ ಸ್ಟಾರ್ಟರ್ ತಿರುಗಿಸಿದೆವು. ಈ ಎಂಜಿನ್ ಚೆನ್ನಾಗಿದ್ದರೆ ಒಂದೊಂದು ಸಿಲಿಂಡರ್‌ನಲ್ಲೂ 22ರಿಂದ 24 ಬಾರ್ ಒತ್ತಡ ಬರಬೇಕು. 15ಕ್ಕಿಂತ ಕೆಳಗೆ ಬಂದರೆ ಎಂಜಿನ್ ಬಿಚ್ಚುವುದು ಅನಿವಾರ್ಯ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 3 ಬಾರ್ ದಾಟಬಾರದು. ನಮಗೆ ಸಿಕ್ಕಿದ್ದು ಕ್ರಮವಾಗಿ 21, 17, 20 ಮತ್ತು 16. ಎರಡು ಸಿಲಿಂಡರ್ ಸೋತಿದ್ದವು.

ಬೋರ್ ಮಾಡಿಸಲು ಹೇಳಿದವರು ಇಂಥದ್ದೇ ಅಂಕಿ ನೋಡಿ ಹೇಳಿರಬಹುದು. ಆದರೆ ಒತ್ತಡ ಸೋರಿಹೋಗಲು ದಾರಿ ಒಂದೇ ಅಲ್ಲ. ಪಿಸ್ಟನ್ ರಿಂಗ್ ಸವೆದಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ವಾಲ್ವ್ ಪೂರ್ತಿ ಮುಚ್ಚದೇ ಇರಬಹುದು. ಮೊದಲ ಎರಡಕ್ಕೆ ಎಂಜಿನ್ ಬಿಚ್ಚಬೇಕು. ಮೂರನೆಯದನ್ನು ನೋಡಲು ಮೇಲಿನ ಮುಚ್ಚಳ ತೆಗೆದರೆ ಸಾಕು. ಖರ್ಚಿಲ್ಲದ್ದನ್ನು ಮೊದಲು ನೋಡು ಎಂಬುದು ಮೇಸ್ತ್ರಿಯ ಲೆಕ್ಕ.

ಎಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್ ಸಂದಿಗೆ ಫೀಲರ್ ಗೇಜ್ ಹಾಕಿದೆವು. ಇನ್‌ಲೆಟ್ ವಾಲ್ವ್‌ಗೆ 0.10 ಮಿ.ಮೀ., ಎಕ್ಸಾಸ್ಟ್‌ಗೆ 0.30 ಮಿ.ಮೀ. ಸಂದು ಇರಬೇಕು. ಎರಡನೇ ಮತ್ತು ನಾಲ್ಕನೇ ಸಿಲಿಂಡರ್‌ಗಳಲ್ಲಿ ಅತ್ಯಂತ ತೆಳ್ಳಗಿನ ಪಟ್ಟಿಯೂ ಒಳಗೆ ಹೋಗಲಿಲ್ಲ. ಸಂದೇ ಇರಲಿಲ್ಲ!

ಇಲ್ಲೊಂದು ಸೂಕ್ಷ್ಮವಿದೆ. ಸವೆದರೆ ಸಂದು ಹೆಚ್ಚಾಗಬೇಕು ಎಂದು ನಮಗೆಲ್ಲ ಅನ್ನಿಸುತ್ತದೆ. ಈ ಎಂಜಿನ್‌ನಲ್ಲಿ ಆಗುವುದು ಉಲ್ಟಾ. ವಾಲ್ವ್ ಬಂದು ಕೂರುವ ಸೀಟು ವರ್ಷಗಟ್ಟಲೆ ಏಟು ತಿಂದು ಸವೆಯುತ್ತದೆ. ಆಗ ವಾಲ್ವ್ ಹೆಡ್‌ನೊಳಗೆ ಮೇಲಕ್ಕೆ ಸರಿಯುತ್ತದೆ, ಅದರ ತುದಿ ರಾಕರ್‌ಗೆ ಹತ್ತಿರವಾಗಿ ಸಂದು ಕಡಿಮೆಯಾಗುತ್ತದೆ. ಕೊನೆಗೆ ರಾಕರ್ ವಾಲ್ವನ್ನು ಸದಾ ಸ್ವಲ್ಪ ಒತ್ತಿಯೇ ಹಿಡಿದಿರುತ್ತದೆ. ಬಾಗಿಲು ಪೂರ್ತಿ ಹಾಕಿಕೊಳ್ಳದ ಕೋಣೆಯಲ್ಲಿ ಗಾಳಿ ನಿಲ್ಲುವುದಾದರೂ ಹೇಗೆ? ಅದಕ್ಕೇ ಸುಮಾರು 24 ಸಾವಿರ ಕಿ.ಮೀ.ಗೆ ಒಮ್ಮೆ ಈ ಸಂದನ್ನು ಸರಿಮಾಡಬೇಕು. ಈ ಕಾರಿನಲ್ಲಿ ಅದು ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಎಂಟೂ ವಾಲ್ವ್ ಸರಿಮಾಡಲು ಒಂದು ಮಧ್ಯಾಹ್ನ ಹಿಡಿಯಿತು. ಹೊಸ ಭಾಗ ಎಂದು ಹಾಕಿದ್ದು ಮುಚ್ಚಳದ ಗ್ಯಾಸ್ಕೆಟ್ ಮಾತ್ರ. ಕಾರನ್ನು ಓಡಿಸಿ ಬಿಸಿ ಮಾಡಿ ಮತ್ತೆ ಅಳೆದಾಗ ಸಿಕ್ಕಿದ್ದು 22, 20, 21, 20. ಬೋರ್ ಕೆಲಸದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ನಾಲ್ಕು ಅಂಕಿಗಳನ್ನು ಮೊದಲಿನ ನಾಲ್ಕರ ಪಕ್ಕದಲ್ಲಿ ಬರೆದಾಗ ಆದ ಖುಷಿ ಯಾವ ಸೆಮಿಸ್ಟರ್ ಫಲಿತಾಂಶದಲ್ಲೂ ನನಗೆ ಆಗಿಲ್ಲ.

ಅರ್ಧ ಮಾಡಿ ಹುಡುಕು

ಎರಡನೆಯ ದೂರು ಏರಿನಲ್ಲಿ ಶಕ್ತಿ ಕಳೆದುಕೊಳ್ಳುವುದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುತ್ತಿತ್ತು. ಆಗ ಕಪ್ಪು ಹೊಗೆಯೂ ಇರಲಿಲ್ಲ. ಅಂದರೆ ಗಾಳಿಗೆ ಕೊರತೆ ಇಲ್ಲ, ಡೀಸೆಲ್ಲೇ ಸಾಲುತ್ತಿಲ್ಲ. ಟ್ಯಾಂಕಿನಿಂದ ನಾಝಲ್‌ವರೆಗಿನ ದಾರಿಯಲ್ಲಿ ಟ್ಯಾಂಕಿನ ಜಾಲರಿ, ಪೈಪು, ಎರಡು ಫಿಲ್ಟರ್, ಫೀಡ್ ಪಂಪು, ಡೀಸೆಲ್ ಪಂಪು, ನಾಝಲ್ ಇವೆ. ಒಂದೊಂದನ್ನೇ ಬದಲಾಯಿಸುತ್ತಾ ಹೋದರೆ ಯಾವಾಗಲೋ ಒಮ್ಮೆ ಸರಿಹೋಗುತ್ತದೆ. ಅಷ್ಟರಲ್ಲಿ ಗಿರಾಕಿಯ ಜೇಬು ಖಾಲಿಯಾಗಿರುತ್ತದೆ.

ಮೇಸ್ತ್ರಿ ಐದು ಲೀಟರ್ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ, ಎಂಜಿನ್ ಪಕ್ಕ ಭದ್ರವಾಗಿ ಕಟ್ಟಿ, ಟ್ಯಾಂಕಿನ ಪೈಪಿನ ಬದಲು ಅದರಿಂದಲೇ ಡೀಸೆಲ್ ಕೊಟ್ಟು ಏರಿಗೆ ಓಡಿಸಿದರು. ಕಾರು ಎಲ್ಲೂ ಸೋಲಲಿಲ್ಲ. ಒಂದೇ ಪರೀಕ್ಷೆಗೆ ಪಂಪು, ನಾಝಲ್, ಫಿಲ್ಟರ್ ಎಲ್ಲ ನಿರಪರಾಧಿಗಳಾದವು. ತಪ್ಪು ಕ್ಯಾನಿನಿಂದ ಹಿಂದಕ್ಕೆ, ಟ್ಯಾಂಕಿನ ಕಡೆಗೇ ಇರಬೇಕು. ಬಿಚ್ಚಿದಾಗ ಟ್ಯಾಂಕಿನ ತಳದ ಜಾಲರಿಗೆ ಕಪ್ಪು ಜಿಗಟು ಮೆತ್ತಿಕೊಂಡಿತ್ತು. ಗಾಡಿ ಬಹಳ ದಿನ ನಿಂತು, ಟ್ಯಾಂಕಿನೊಳಗೆ ನೀರಿನ ಪಸೆ ಸೇರಿದರೆ ಸೂಕ್ಷ್ಮಜೀವಿಗಳು ಬೆಳೆದು ಇಂಥ ಜಿಗಟು ಆಗುತ್ತದೆ. ನಿಧಾನಕ್ಕೆ ಓಡಿಸುವಾಗ ಬೇಕಾದಷ್ಟು ಡೀಸೆಲ್ ಅದರ ಮೂಲಕ ನುಸುಳುತ್ತಿತ್ತು. ಏರಿನಲ್ಲಿ ಸಾಲುತ್ತಿರಲಿಲ್ಲ.

ಕಂಪ್ಯೂಟರ್ ಸೈನ್ಸ್ ಓದುವ ನನ್ನ ರೂಮ್‌ಮೇಟ್‌ಗೆ ಇದನ್ನು ಹೇಳಿದಾಗ ‘ಇದು ಬೈನರಿ ಸರ್ಚ್ ಕಣೋ!’ ಎಂದ. ಸಾಲನ್ನು ಮಧ್ಯಕ್ಕೆ ತುಂಡು ಮಾಡು, ತಪ್ಪು ಯಾವ ಅರ್ಧದಲ್ಲಿದೆ ನೋಡು, ಆ ಅರ್ಧವನ್ನು ಮತ್ತೆ ತುಂಡು ಮಾಡು. ಮೇಸ್ತ್ರಿಗೆ ಆ ಹೆಸರು ಗೊತ್ತಿಲ್ಲ, ಕೆಲಸ ಗೊತ್ತು.

ಬಾಗಿಲಿನಲ್ಲಿ ಅಡಗಿದ್ದ ಕಳ್ಳ

ಈಗ ನಿಲ್ಲದ ಎಂಜಿನ್ನಿನ ವಿಷಯ. ಪೆಟ್ರೋಲ್ ಎಂಜಿನ್‌ಗೆ ಕಿಡಿ ತಪ್ಪಿಸಿದರೆ ನಿಲ್ಲುತ್ತದೆ. ಡೀಸೆಲ್‌ಗೆ ಕಿಡಿಯೇ ಇಲ್ಲವಲ್ಲ! ಅದನ್ನು ನಿಲ್ಲಿಸಬೇಕಾದರೆ ಡೀಸೆಲ್ ಕೊಡುವುದನ್ನೇ ನಿಲ್ಲಿಸಬೇಕು. ಈ ಕಾರಿನಲ್ಲಿ ಆ ಕೆಲಸ ಮಾಡುವುದು ವ್ಯಾಕ್ಯೂಮ್, ಅಂದರೆ ಗಾಳಿಯ ಹೀರುವ ಬಲ. ಕೀಲಿ ತಿರುಗಿಸಿದಾಗ ಒಂದು ಸಣ್ಣ ವಾಲ್ವ್ ತೆರೆದು, ಡೀಸೆಲ್ ಪಂಪಿನ ಹಿಂಬದಿಯ ಪೊರೆಯನ್ನು ವ್ಯಾಕ್ಯೂಮ್ ಎಳೆಯುತ್ತದೆ. ಆಗ ಡೀಸೆಲ್ ಬಂದ್ ಆಗುತ್ತದೆ.

ಆ ವ್ಯಾಕ್ಯೂಮ್ ಹುಟ್ಟಿಸಲು ಎಂಜಿನ್ ಮುಂಭಾಗದಲ್ಲಿ ಪಂಪ್ ಇದೆ. ಅದೇ ಪಂಪಿನಿಂದ ಬ್ರೇಕ್ ಬೂಸ್ಟರ್‌ಗೂ ವ್ಯಾಕ್ಯೂಮ್ ಹೋಗಬೇಕು, ಬಾಗಿಲುಗಳ ಸೆಂಟ್ರಲ್ ಲಾಕ್‌ಗೂ ಹೋಗಬೇಕು. ಇವತ್ತಿನ ಕಾರುಗಳಲ್ಲಿ ಬೀಗ ಹಾಕುವುದು ಕರೆಂಟಿನ ಸಣ್ಣ ಮೋಟಾರು. ಈ ಕಾರಿನಲ್ಲಿ ಅದೂ ವ್ಯಾಕ್ಯೂಮ್ ಕೆಲಸವೇ. ನಾಲ್ಕು ಮನೆಗೆ ಒಂದೇ ನಲ್ಲಿ ಪೈಪು ಇದ್ದಂತೆ, ಒಂದು ಮನೆಯಲ್ಲಿ ಸೋರಿದರೆ ಇನ್ನೊಂದು ಮನೆಗೆ ನೀರಿಲ್ಲ. ಬಾಗಿಲಿನ ಪೊರೆ ಹರಿದರೆ ಎಂಜಿನ್ ನಿಲ್ಲಿಸಲು ಬೇಕಾದ ಬಲ ಉಳಿಯುವುದಿಲ್ಲ.

ಮೊದಲು ನೋಡಿದ್ದು ಬ್ರೇಕ್. ಅದು ಸರಿ ಇತ್ತು. ಆಮೇಲೆ ಸೆಂಟ್ರಲ್ ಲಾಕ್‌ಗೆ ಹೋಗುವ ಕೊಳವೆಯನ್ನು ಬಿಚ್ಚಿ, ಬಾಯಿ ಮುಚ್ಚಿ, ಎಂಜಿನ್ ಸ್ಟಾರ್ಟ್ ಮಾಡಿ ಕೀಲಿ ತೆಗೆದೆವು. ಟಪ್ ಎಂದು ನಿಂತಿತು! ಬಳಿಕ ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪನ್ನು ಒಂದೊಂದೇ ಬಾಗಿಲಿನ ಕೊಳವೆಗೆ ಹಾಕಿ ಮುಳ್ಳು ನಿಲ್ಲುತ್ತದೆಯೇ ಎಂದು ನೋಡಿದೆವು. ಎಡಗಡೆಯ ಹಿಂಬಾಗಿಲಿನಲ್ಲಿ ನಿಲ್ಲಲಿಲ್ಲ. ಹೊಸ ಪೊರೆ ತರಿಸುವವರೆಗೆ ಆ ಒಂದು ಬಾಗಿಲಿನ ಕೊಳವೆಯನ್ನು ಮುಚ್ಚಿಟ್ಟೆವು. ಅದರ ಬೀಗವನ್ನು ಕೈಯಲ್ಲೇ ಹಾಕಿಕೊಳ್ಳಬೇಕು, ಅಷ್ಟೇ.

ಅಂದ ಹಾಗೆ, ಇಂಥ ಕಾರುಗಳ ಬಾನೆಟ್ ಒಳಗೆ ಎಂಜಿನ್ ನಿಲ್ಲಿಸಲೆಂದೇ ‘ಸ್ಟಾಪ್’ ಎಂದು ಬರೆದ ಒಂದು ಲಿವರ್ ಇರುತ್ತದೆ. ಅದನ್ನು ಒತ್ತಿದರೆ ಸಾಕು. ಇಷ್ಟು ವರ್ಷ ಕ್ಲಚ್ಚಿಗೆ ಹಿಂಸೆ ಕೊಡುತ್ತಿದ್ದ ಯಜಮಾನರು ಅದನ್ನು ನೋಡಿ ‘ಅಯ್ಯೋ, ನಮ್ಮಪ್ಪ ಹೇಳಲೇ ಇಲ್ವಲ್ರೀ!’ ಎಂದರು.

ಸ್ಕ್ಯಾನರ್ ಇದ್ದರೆ ಸಾಕೇ?

‘ಇದೆಲ್ಲ ಹಳೇ ಕಾಲದ್ದು, ಈಗ ಸ್ಕ್ಯಾನರ್ ಹಾಕಿದರೆ ಕಾರೇ ಹೇಳುತ್ತೆ’ ಎಂದು ಗೆಳೆಯರು ವಾದಿಸುತ್ತಾರೆ. ಸ್ಕ್ಯಾನರ್ ಒಳ್ಳೆಯ ಉಪಕರಣ, ಕಲಿಯಲೇಬೇಕು. ಆದರೆ ಅದು ಹೇಳುವುದೇನು? ಪೆಟ್ರೋಲ್ ಕಾರುಗಳಲ್ಲಿ ಪದೇ ಪದೇ ಕಾಣುವ ‘ಪಿ 0171’ ಎಂಬ ಕೋಡ್ ತೆಗೆದುಕೊಳ್ಳಿ. ಅದರ ಅರ್ಥ, ಮಿಶ್ರಣದಲ್ಲಿ ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದು. ಕಾರಣ ಒಡೆದ ಗಾಳಿ ಕೊಳವೆಯೋ, ಕೊಳೆಯಾದ ಸೆನ್ಸಾರೋ, ಸೋತ ಪೆಟ್ರೋಲ್ ಪಂಪೋ ಎಂದು ಕೋಡ್ ಹೇಳುವುದಿಲ್ಲ. ಅದು ಜ್ವರ ಎಷ್ಟಿದೆ ಎಂದು ಹೇಳುವ ಥರ್ಮಾಮೀಟರ್. ರೋಗ ಹುಡುಕುವ ಕೆಲಸ ಆಮೇಲೂ ಬಾಕಿ ಇರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳೆಯ ಡೀಸೆಲ್‌ಗಳಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ಟು ಸಡಿಲಿಸಿ ನೋಡುತ್ತಾರೆ. ಅದನ್ನು ನೋಡಿ ಇವತ್ತಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಪ್ರಯೋಗ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ. ಯಾವ ವಿಧಾನ ಯಾವ ಯಂತ್ರಕ್ಕೆ ಎಂದು ತಿಳಿಯುವುದೂ ವಿದ್ಯೆಯ ಭಾಗವೇ.

ಲೆಕ್ಕ ಹಾಕಿದಾಗ

ಹೀಟರ್ ಪ್ಲಗ್, ಫಿಲ್ಟರ್, ಗ್ಯಾಸ್ಕೆಟ್, ಕೊಳವೆಗಳು, ಮಜೂರಿ ಎಲ್ಲ ಸೇರಿ ಆದ ಖರ್ಚು ಬೋರ್ ಕೆಲಸಕ್ಕೆ ಹೇಳಿದ್ದ ಮೊತ್ತದ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಹಾಗಂತ ಕಾರು ಹೊಸದಾಗಿಲ್ಲ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ನೀಲಿ ಹೊಗೆ ಬರುತ್ತದೆ. ವಾಲ್ವ್‌ಗಳ ರಬ್ಬರ್ ಸೀಲು ಗಟ್ಟಿಯಾಗಿರಬೇಕು ಎಂದು ಮೇಸ್ತ್ರಿಯ ಅಂದಾಜು. ‘ಆಯಿಲ್ ಎಷ್ಟು ಕುಡಿಯುತ್ತೆ ಅಂತ ಮೂರು ತಿಂಗಳು ಬರೆದಿಟ್ಕೊಳ್ಳಿ, ಆಮೇಲೆ ನೋಡೋಣ’ ಎಂದು ಕಳಿಸಿದರು. ಇಷ್ಟು ಹಳೆಯ ಡೀಸೆಲ್ ಕಾರನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬೇರೆಯೇ ಇದೆ. ಹದಿನೈದು ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣ ಶುಲ್ಕವೂ ಏರಿದೆ, ಹೊಗೆಯ ಚಿಂತೆಯೂ ನಿಜ. ಅದನ್ನು ತೀರ್ಮಾನಿಸುವುದು ಮಾಲೀಕರಿಗೆ ಬಿಟ್ಟಿದ್ದು. ಆದರೆ ತೀರ್ಮಾನ ಸರಿಯಾದ ಮಾಹಿತಿಯ ಮೇಲೆ ಆಗಬೇಕು. ಇಲ್ಲದ ರೋಗಕ್ಕೆ ಹೆದರಿ ಗುಜರಿಗೆ ಹಾಕುವುದೂ ನಷ್ಟವೇ.

ಉದ್ಯೋಗದ ಚಿಂತೆಯಲ್ಲಿರುವ ನಮ್ಮಂಥವರಿಗೆ ಇದರಿಂದ ಏನು? ಭಾಗ ಬದಲಾಯಿಸುವ ಕೆಲಸವನ್ನು ತರಬೇತಿ ಕೊಟ್ಟರೆ ಯಾರು ಬೇಕಾದರೂ ಮಾಡುತ್ತಾರೆ. ಯಾವ ಭಾಗ ಎಂದು ಹೇಳಬಲ್ಲವರು ಕಡಿಮೆ. ಕಾರ್ಖಾನೆಯ ಯಂತ್ರ ನಿಂತರೂ, ಆಸ್ಪತ್ರೆಯ ಜನರೇಟರ್ ಕೈಕೊಟ್ಟರೂ, ಸಾಫ್ಟ್‌ವೇರ್ ಹಠ ಹಿಡಿದರೂ ಬೇಕಾಗುವುದು ಇದೇ ಕ್ರಮ: ಕೇಳು, ಅಳೆ, ಅರ್ಧ ಮಾಡು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬರೆದಿಡು. ಇದನ್ನು ಕಲಿಯಲು ಬೆಂಜ್ ಕಾರೇ ಬೇಕೆಂದಿಲ್ಲ. ಮನೆಯ ಹಳೆಯ ಸ್ಕೂಟರ್, ಕೆಟ್ಟುನಿಂತ ಮಿಕ್ಸಿ, ತೋಟದ ಪಂಪ್‌ಸೆಟ್ ಯಾವುದಾದರೂ ಸಾಕು. ಒಂದು ಮಲ್ಟಿಮೀಟರ್, ಒಂದು ಫೀಲರ್ ಗೇಜ್, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೂರೂ ಸೇರಿ ಒಂದು ಸಿನಿಮಾ ಮತ್ತು ಊಟದ ಖರ್ಚಿಗಿಂತ ಹೆಚ್ಚಾಗದು.

ಮುಂದಿನ ರಜೆಯಲ್ಲಿ ನಿಮ್ಮೂರಿನ ಯಾವುದಾದರೂ ಗ್ಯಾರೇಜಿಗೆ ಹೋಗಿ ‘ಅಣ್ಣಾ, ಒಂದು ತಿಂಗಳು ಕೆಲಸ ಕಲೀತೀನಿ’ ಎಂದು ಕೇಳಿನೋಡಿ. ಮೊದಲ ವಾರ ಟೀ ತರುವ, ನಟ್ಟು ತೊಳೆಯುವ ಕೆಲಸವೇ ಸಿಗಬಹುದು. ಎರಡನೇ ವಾರ ಯಾರಾದರೂ ನಿಮ್ಮ ಕೈಗೆ ಗೇಜ್ ಕೊಟ್ಟು, ‘ಎಷ್ಟು ತೋರಿಸ್ತಾ ಇದೆ ನೋಡಪ್ಪಾ’ ಎಂದು ಕೇಳುತ್ತಾರೆ. ಅಲ್ಲಿಂದ ನಿಮ್ಮ ಎಂಜಿನಿಯರಿಂಗ್ ಶುರುವಾಗುತ್ತದೆ.